ಬಿಸ್ಕೆಟ್ ಡಬ್ಬದ ಮೇಲೆ ಕೂತ ಸಿಸ್ಟರ್

ನಮ್ಮ ಬೀದಿಯಲ್ಲಿ ಎಲ್ಲರೂ ಅವರನ್ನು ಸಿಸ್ಟರ್ ಎಂದೇ ಕರೆಯುತ್ತಿದ್ದರು. ಹಾಲಿನವನು, ಹೂವಿನವಳು, ಎದುರು ಮನೆಯ ವಕೀಲರು, ಕೊನೆಗೆ ಕಟ್ಟಿಕೊಂಡ ಗಂಡ ಕೂಡ. "ಮೂವತ್ತೆಂಟು ವರ್ಷದಿಂದ ಸಿಸ್ಟರ್ ಅಂತ ಕೂಗ್ತಿದೀನಿ, ಆದ್ರೂ ಎರಡು ಮಕ್ಕಳಾದ್ವು ನೋಡಿ" ಎಂದು ಅಂಕಲ್ ಗೇಟಿನಲ್ಲಿ ನಿಂತು ನಗುತ್ತಿದ್ದರು. ಒಳಗಿನಿಂದ ಸಿಸ್ಟರ್ ಧ್ವನಿ ಬರುತ್ತಿತ್ತು: "ಎರಡಕ್ಕೇ ಯಾಕೆ ನಿಂತ್ವು ಅಂತಲೂ ಹೇಳಿ."

ಹೋದ ತಿಂಗಳು ಅವರು ತೀರಿಕೊಂಡರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬೇರೆ ಹೆಂಗಸರ ಹೆಸರು ತಮ್ಮ ಬಾಯಿಂದ ಬೀಳದಂತೆ ಬದುಕಿದವರ ಹೆಸರನ್ನು ನಾನು ಕಾಗದಕ್ಕೆ ಹಾಕಲಾರೆ. ಉಳಿದವರ ಹೆಸರುಗಳನ್ನೂ ಬದಲಾಯಿಸಿದ್ದೇನೆ. ನನ್ನ ತಪ್ಪನ್ನು ಮಾತ್ರ ಬದಲಾಯಿಸಿಲ್ಲ.

ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ನರ್ಸಾಗಿದ್ದು ನಿವೃತ್ತರಾದವರು ಅವರು. ಗಿಡ್ಡ, ದಪ್ಪ, ಮಂಡಿ ನೋವಿನಿಂದ ಎರಡೂ ಬದಿಗೆ ವಾಲುವ ನಡಿಗೆ. ಕೆಲಸದಲ್ಲಿದ್ದಷ್ಟು ವರ್ಷ ಬಿಳಿ ಸೀರೆ ಉಟ್ಟಿದ್ದರ ಸೇಡು ತೀರಿಸಿಕೊಳ್ಳುವವರಂತೆ ಗಿಳಿಹಸಿರು, ರಾಣಿ ಬಣ್ಣ, ಅರಿಸಿನದ ಹಳದಿ ಇವನ್ನೇ ಉಡುತ್ತಿದ್ದರು. "ಕಣ್ಣು ಕುಕ್ಬೇಕು. ಹೆಂಗಸು ಬರ್ತಾ ಇದಾಳೆ ಅಂತ ದೂರದಿಂದಲೇ ಗೊತ್ತಾಗ್ಬೇಕು" ಅನ್ನುತ್ತಿದ್ದರು. ಬೇರೆಯವರು ಸೆರಗು ಬಾಯಿಗೆ ಅಡ್ಡ ಹಿಡಿದು ಪಿಸುಗುಟ್ಟುವ ವಿಷಯಗಳನ್ನು ಅವರು ತರಕಾರಿ ಗಾಡಿಯ ಮುಂದೆ ನಿಂತು ಆಡುತ್ತಿದ್ದರು. "ಹುರುಳಿಕಾಯಿ ಎಳೇದಾ?" ಎಂದು ಕೇಳುವ ಧ್ವನಿಯಲ್ಲೇ "ಡೇಟ್ ಆಯ್ತೇನೇ?" ಎಂದು ಕೇಳುತ್ತಿದ್ದರು. ತರಕಾರಿಯವನು ಎರಡನೆಯ ಪ್ರಶ್ನೆಗೆ ಮುಖ ತಿರುಗಿಸಿದರೆ, "ನೀನ್ಯಾಕಪ್ಪ ನಾಚ್ಕೋತೀಯ, ನಿಮ್ಮಮ್ಮಂಗೆ ನಿಂತಿದ್ದಕ್ಕೇ ನೀನು ಹುಟ್ಟಿದ್ದು" ಅಂದುಬಿಡುತ್ತಿದ್ದರು.

ನಾನು ಗೋವಿಂದರಾಜನಗರದ ಆ ಬೀದಿಗೆ ಬಾಡಿಗೆಗೆ ಬಂದಾಗ ಮದುವೆಯಾಗಿ ಮೂರು ತಿಂಗಳಾಗಿತ್ತು. ಪದವಿ ಕಾಲೇಜೊಂದರಲ್ಲಿ ಕಾಮರ್ಸ್ ಪಾಠ ಮಾಡುತ್ತಿದ್ದೆ. ಸದ್ಯಕ್ಕೆ ಮಗು ಬೇಡವೆಂದು ನಾವಿಬ್ಬರೂ ಮಾತಾಡಿಕೊಂಡು, ಡಾಕ್ಟರನ್ನು ಕಂಡು, ಗರ್ಭನಿರೋಧಕ ಮಾತ್ರೆ ಬರೆಸಿಕೊಂಡಿದ್ದೆವು. ಹಾಳೆಯಲ್ಲಿ ಇಪ್ಪತ್ತೆಂಟು ಮಾತ್ರೆ. ಇಪ್ಪತ್ತೊಂದು ಬಿಳಿ, ಏಳು ಕಂದು. ನಾನು ಕಂದಿನಿಂದ ಶುರು ಮಾಡಿದೆ. ಒಂದು ವಾರ ಕಳೆದ ಮೇಲೆ ಕರಿಬೇವು ಕೇಳಲು ಹೋದಾಗ ಸಿಸ್ಟರ್, "ಹೊಸದಾಗಿ ಮದುವೆ ಆಗಿದೆ, ಏನಾದ್ರೂ ತಗೋತಿದ್ಯಾ ಇಲ್ವಾ?" ಎಂದು ನೇರವಾಗಿ ಕೇಳಿದರು. ಕೈಚೀಲದಿಂದ ಹಾಳೆ ತೆಗೆದು ತೋರಿಸಿದೆ. ನೋಡಿ ಹಣೆ ಚಚ್ಚಿಕೊಂಡರು.

"ಅಯ್ಯೋ ಲೆಕ್ಚರರಮ್ಮ! ಏಳು ದಿನದಿಂದ ನೀನು ನುಂಗಿರೋದು ಕಬ್ಬಿಣ ಕಣೇ. ರಕ್ತಕ್ಕೆ ಬಹಳ ಒಳ್ಳೇದು. ಮಗು ಆಗ್ದೇ ಇರೋಕೆ ಅಲ್ಲ."

ಎರಡು ವಾರ ನನಗೆ ನಿದ್ದೆ ಇರಲಿಲ್ಲ. ಏನೂ ಆಗಲಿಲ್ಲ, ಪುಣ್ಯ. ಆದರೆ ಆ ದಿನವೇ ಅವರು ನನ್ನನ್ನು ಜಗುಲಿಯಲ್ಲಿ ಕೂರಿಸಿ, ಮಾತ್ರೆಯ ಜೊತೆಗೆ ಬರುವ ಸಣ್ಣಕ್ಷರದ ಚೀಟಿಯನ್ನು ಜೋರಾಗಿ ಓದಿಸಿದರು. ಯಾರು ತೆಗೆದುಕೊಳ್ಳಬಾರದು, ಮರೆತರೆ ಏನು ಮಾಡಬೇಕು, ಯಾವ ಸೂಚನೆ ಕಂಡರೆ ಡಾಕ್ಟರ ಬಳಿಗೆ ಓಡಬೇಕು. ಮೀನಖಂಡದಲ್ಲಿ ನೋವು, ಊತ, ಎದೆನೋವು, ಉಸಿರುಗಟ್ಟುವುದು ಎಂಬ ಸಾಲು ಬಂದಾಗ "ಇನ್ನೊಂದ್ಸಲ" ಅಂದರು. ಇನ್ನೊಂದು ಸಲ ಓದಿದೆ. ಬೇರೆ ಹಾರ್ಮೋನು ಮಾತ್ರೆಗಳ ಜೊತೆ ಸೇರಿಸಬೇಡಿ ಎಂಬ ಸಾಲನ್ನೂ ಓದಿದೆ.

ಅವರ ಸಂಜೆ ಐದು ಗಂಟೆಯ ವಿಷಯ ನನಗೆ ತಿಳಿದದ್ದು ಆಮೇಲೆ. ಕ್ಷಯದ ರೋಗಿಗಳು ಮಾತ್ರೆಯನ್ನು ಮನೆಗೆ ಒಯ್ದು ಮರೆಯುತ್ತಾರೆಂದು ನರ್ಸುಗಳು ಎದುರಿನಲ್ಲೇ ನುಂಗಿಸುವ ಕ್ರಮವಿದೆಯಷ್ಟೆ. ಸಿಸ್ಟರ್ ಕೆಲಸದಲ್ಲಿದ್ದಾಗ ಅದನ್ನು ಬಹಳ ವರ್ಷ ಮಾಡಿದ್ದರು. ನಿವೃತ್ತರಾದ ಮೇಲೆ ಅದೇ ಕ್ರಮವನ್ನು ತಮ್ಮ ಅಡುಗೆಮನೆಗೆ ತಂದರು. ಗರ್ಭನಿರೋಧಕ ಮಾತ್ರೆ ಬೇಕು, ಆದರೆ ಅದನ್ನು ಮನೆಯಲ್ಲಿ ಇಟ್ಟುಕೊಳ್ಳಲು ಜಾಗವಿಲ್ಲದ ಹೆಂಗಸರು ನಮ್ಮ ಬೀದಿಯಲ್ಲಿ ಎಂಟೊಂಬತ್ತು ಮಂದಿ ಇದ್ದರು. ಮೂರು ಕೋಣೆಯ ಮನೆಯಲ್ಲಿ ಬೀರುವಿನ ಬೀಗ ಅತ್ತೆಯ ಬಳಿ, ಹಾಸಿಗೆ ಕೊಡವುವುದು ನಾದಿನಿ. ಒಂದು ಅಂಗೈ ಅಗಲದ ಹಾಳೆಯನ್ನು ಅವರು ಎಲ್ಲಿ ಬಚ್ಚಿಡಬೇಕು? ಹಾಗಾಗಿ ಎಲ್ಲರ ಹಾಳೆಗಳೂ ಸಿಸ್ಟರ್ ಮನೆಯ ಚೌಕನೆಯ ಬಿಸ್ಕೆಟ್ ಡಬ್ಬದಲ್ಲಿದ್ದವು. ಹಾಳೆಯ ಮೇಲೆ ಹೆಸರು ಬರೆಯುವಂತಿಲ್ಲ. ಬದಲಿಗೆ ಪ್ರತಿಯೊಬ್ಬಳೂ ತನ್ನ ಹಣೆಯ ಬಿಂದಿಯನ್ನೇ ತೆಗೆದು ಅಂಟಿಸಿದ್ದಳು. ಉದ್ದನೆಯ ಮೆರೂನು, ಸಾಸಿವೆಯಷ್ಟು ಕರಿಯದು, ಹೊಳೆಯುವ ಕಲ್ಲಿನದು. ಸಂಜೆ ಐದಕ್ಕೆ ಸಿಸ್ಟರ್ ಅಂಕಲನ್ನು ಪಾರ್ಕಿಗೆ ಅಟ್ಟುತ್ತಿದ್ದರು. ಒಬ್ಬೊಬ್ಬರಾಗಿ ಬಟ್ಟಲು ಹಿಡಿದು ಹೆಪ್ಪು ಕೇಳಿಕೊಂಡು ಬರುತ್ತಿದ್ದರು. ಮಾತ್ರೆ ನುಂಗಿ, ನೀರು ಕುಡಿದು, ಬಟ್ಟಲಲ್ಲಿ ಒಂದು ಚಮಚ ಮೊಸರು ಹಾಕಿಸಿಕೊಂಡು ಹೋಗುತ್ತಿದ್ದರು.

ನಮ್ಮ ಮನೆಯ ಓನರ್ ಜಯಮ್ಮ ಒಮ್ಮೆ ನನ್ನೆದುರೇ ಹೇಳಿದ್ದರು: "ಸಿಸ್ಟರ್ ಮನೆ ಹೆಪ್ಪಲ್ಲಿ ಅದೇನ್ ಐತೋ. ನಮ್ ಸೊಸೆ ಸವಿತಾ ದಿನಾ ಓಡ್ತಾಳೆ. ಮೊಸರು ಮಾತ್ರ ನಮ್ಮನೇಲಿ ನೀರಾಗೇ ಇರುತ್ತೆ."

ಬಂದವರಿಗೆಲ್ಲ ಅವರು ಮಾತ್ರೆ ಕೊಡುತ್ತಿರಲಿಲ್ಲ. ಮೊದಲು ಆರೋಗ್ಯ ಕೇಂದ್ರದ ಡಾಕ್ಟರಮ್ಮನನ್ನು ಕಂಡು ಚೀಟಿ ತರಬೇಕು. ಆಮೇಲೆ ಸಿಸ್ಟರ್ ತಾವೇ ಬಿಪಿ ನೋಡುತ್ತಿದ್ದರು. ತಲೆನೋವು ಬಂದಾಗ ಕಣ್ಣಮುಂದೆ ಮಿಂಚುತ್ತದೆಯೇ, ಕಾಮಾಲೆ ಆಗಿತ್ತೇ, ಬೇರೆ ಏನಾದರೂ ಮಾತ್ರೆ ತಗೋತೀಯಾ, ಎಲ್ಲ ಕೇಳುತ್ತಿದ್ದರು. ಮೂವತ್ತೆಂಟು ದಾಟಿದ, ಹೊಗೆಸೊಪ್ಪು ಹಾಕುವ, ಬಿಪಿಯೂ ಇದ್ದ ಹೂವಿನವಳಿಗೆ ಖಡಾಖಂಡಿತ ಇಲ್ಲ ಅಂದರು.

"ನಿಂಗೆ ಇದು ಬೇಡ. ಕಾಪರ್ ಟಿ ಹಾಕಿಸ್ಕೋ, ನಾನೇ ಕರ್ಕೊಂಡು ಹೋಗ್ತೀನಿ. ಹೊಗೆಸೊಪ್ಪು ಬಿಡು."

"ಮಾತ್ರೆ ಬೇಕಾದ್ರೆ ಬಿಡ್ತೀನಿ ಸಿಸ್ಟರ್, ಹೊಗೆಸೊಪ್ಪು ಹೆಂಗೆ ಬಿಡ್ಲಿ?"

"ಗಂಡನ್ನ ಬಿಡು ಅಂದಿದ್ರೆ ಇಷ್ಟು ಯೋಚ್ನೆ ಮಾಡ್ತಿದ್ಯೇನೇ?"

ಹೀಗಿದ್ದರು ಅವರು. ಇನ್ನು ಆ ದಿನದ ವಿಷಯ ಹೇಳಬೇಕು. ನಾಲ್ಕು ವರ್ಷವಾದರೂ ಅದು ನನ್ನ ತಲೆಯಿಂದ ಇಳಿದಿಲ್ಲ. ಪಾಠದ ನಡುವೆ, ಬಸ್ಸಿನಲ್ಲಿ, ಯಾರಾದರೂ ಮೆಟ್ಟಿಲು ಹತ್ತಿ ಏದುಸಿರು ಬಿಟ್ಟರೆ ಸಾಕು, ಮತ್ತೆ ಮೊದಲಿಂದ ಶುರುವಾಗುತ್ತದೆ.

ಸವಿತಾ ಜಯಮ್ಮನ ಸೊಸೆ. ನಮ್ಮ ಮೇಲಿನ ಮನೆ. ಬಿ.ಎಸ್ಸಿ. ಓದಿದ್ದಳು, ಬಿ.ಎಡ್. ಮಾಡಿ ಟೀಚರಾಗುವ ಆಸೆ. ಮೊದಲ ಹೆರಿಗೆ ಆಪರೇಷನ್ ಆಗಿ, ರಕ್ತ ಹೋಗಿ, ಅವಳು ಬದುಕಿದ್ದೇ ಹೆಚ್ಚು; ಹುಟ್ಟಿದ್ದು ಹೆಣ್ಣು ಮಗು. ಡಾಕ್ಟರು ಮೂರು ವರ್ಷ ಇನ್ನೊಂದು ಬೇಡ ಅಂದಿದ್ದರು. ಜಯಮ್ಮನದು ನಾಯಂಡಹಳ್ಳಿ ಕಡೆಯ ಹಳೆಯ ಒಕ್ಕಲು ಮನೆತನ. "ಡಾಕ್ಟ್ರು ಹೇಳ್ತಾರೆ, ಅವ್ರಿಗೇನು. ನಾನು ಒಂದರ ಹಿಂದೆ ಒಂದು ನಾಲ್ಕು ಹೆತ್ತು ಗದ್ದೆ ಕೆಲ್ಸ ಮಾಡಿಲ್ವಾ? ಒಂದು ಗಂಡು ಆಗ್ಲಿ, ಆಮೇಲೆ ಅವಳು ಎಲ್ಲಿಗಾದ್ರೂ ಓದೋಕೆ ಹೋಗ್ಲಿ" ಅನ್ನುತ್ತಿದ್ದರು. ಸವಿತಾ ಗಂಡನಿಗೆ ಮಾತ್ರೆಯ ವಿಷಯ ತಿಳಿಸಿದ್ದಳು. ಅವನು ಪೇಪರಿನಿಂದ ತಲೆಯೆತ್ತದೆ "ನಂಗೆ ಗೊತ್ತಿಲ್ಲ ಅಂತ ಇಟ್ಕೋ" ಅಂದಿದ್ದನಂತೆ. ಅದನ್ನು ಕೇಳಿ ಸಿಸ್ಟರ್, "ಇರ್ಲಿ ಬಿಡು, ಗೊತ್ತಿದ್ದು ಅಮ್ಮನ ಕಿವಿಗೆ ಹಾಕೋನಿಗಿಂತ ವಾಸಿ" ಎಂದು ನಕ್ಕಿದ್ದರು. ಏಳು ತಿಂಗಳಿಂದ ಸವಿತಾ ಐದು ಗಂಟೆಗೆ ಬರುತ್ತಿದ್ದಳು. ಅವಳ ಬಿಂದಿ ಮೆರೂನು.

ರಾಜರಾಜೇಶ್ವರಿನಗರದಲ್ಲಿ ಜಯಮ್ಮ ಹೊಸ ಮನೆ ಕಟ್ಟಿಸಿದರು. ಗೃಹಪ್ರವೇಶಕ್ಕೆ ಮುಹೂರ್ತ ಇಟ್ಟ ದಿನವೇ ಅಡುಗೆಮನೆಯ ಕ್ಯಾಲೆಂಡರ್ ಮುಂದೆ ನಿಂತು ಬೆರಳು ಮಡಚಿ ಸೊಸೆಯ ಮುಟ್ಟಿನ ದಿನ ಲೆಕ್ಕ ಹಾಕಿದರು. ಸರಿಯಾಗಿ ಅದೇ ದಿನಕ್ಕೆ ಬೀಳುತ್ತಿತ್ತು. ಸಾಮಾನಿನ ಪಟ್ಟಿ ಬರೆದುಕೊಡಲು ನನ್ನನ್ನು ಕರೆದಿದ್ದರು. ಅರಿಸಿನ, ಕುಂಕುಮ, ನವಧಾನ್ಯ, ಕರ್ಪೂರ, ಜೇನುತುಪ್ಪ. ಕೊನೆಯಲ್ಲಿ ಅಷ್ಟೇ ಸಹಜವಾಗಿ, "ಮುಂದಕ್ಕೆ ಹಾಕೋ ಮಾತ್ರೆ, ಸವಿತಂಗೆ" ಅಂದರು. ನಾನು ಅದನ್ನೂ ಬರೆದೆ.

"ಕಾಲೇಜಿಂದ ಬರೋ ದಾರೀಲಿ ಮೆಡಿಕಲ್ ಇದ್ಯಲ್ಲ ಮೇಡಂ. ಅದೊಂದು ನೀವೇ ತಂದ್ಬಿಡಿ. ಗಂಡಸ್ರ ಕೈಲಿ ಹೇಳೋಕಾಗುತ್ತಾ?"

ತಂದೆ. ಮೆಡಿಕಲಿನವನು "ಪೂಜೆಗಾ ಮೇಡಂ?" ಅಂದ. ಹೂಂ ಅಂದೆ. "ದಿನಕ್ಕೆ ಮೂರು" ಎಂದು ಕೈಗಿಟ್ಟ. ಚೀಟಿ ಕೇಳಲಿಲ್ಲ, ಯಾರಿಗೆ ಎಂದು ಕೇಳಲಿಲ್ಲ. ನನ್ನ ಸ್ವಂತದ ಹಾಳೆಗೆ ಹೋದಾಗ ಇದೇ ಮನುಷ್ಯ ನನ್ನ ಕತ್ತಿನಲ್ಲಿ ತಾಳಿ ಇದೆಯೇ ಎಂದು ನೋಡಿ, ಪೇಪರಿನಲ್ಲಿ ಸುತ್ತಿ, ಅದರ ಮೇಲೆ ಕರಿ ಕವರ್ ಹಾಕಿ ಕೊಡುತ್ತಿದ್ದ.

ಮೆಟ್ಟಿಲಿನ ಮೇಲೆ ಸವಿತಾ ಸಿಕ್ಕಳು. ಕೊಟ್ಟೆ. ಅವಳು ಅದನ್ನು ತಿರುಗಿಸಿ ನೋಡಿದಳು.

"ಅಕ್ಕ, ಅದನ್ನೂ ಇದನ್ನೂ ಒಟ್ಟಿಗೆ ತಗೋಬಹುದಾ?"

"ಇದು ಪೂಜೆಗೆ ತಗೊಳ್ಳೋದು ಕಣೇ. ಹತ್ತು ದಿನ ತಾನೇ. ಏನಾಗಲ್ಲ."

"ಸಿಸ್ಟರನ್ನ ಒಂದು ಮಾತು ಕೇಳ್ಲಾ?"

"ಅವ್ರು ಇಂಥದ್ದಕ್ಕೆಲ್ಲ ಬೈತಾರೆ. ತಲೆ ಕೆಡಿಸ್ಕೋಬೇಡ ಹೋಗು."

ಚೀಟಿಯನ್ನು ಜೋರಾಗಿ ಓದಿದವಳು ನಾನು. ಬೇರೆ ಹಾರ್ಮೋನು ಮಾತ್ರೆ ಸೇರಿಸಬೇಡಿ ಎಂದು ನನ್ನ ಬಾಯಿಂದಲೇ ಓದಿದ್ದೆ. ಆದರೆ ಕುಂಕುಮ ಕರ್ಪೂರದ ಜೊತೆ ಒಂದೇ ಪಟ್ಟಿಯಲ್ಲಿ ಬರೆದದ್ದು ಮಾತ್ರೆ ಎಂದು ನನಗೆ ಅನ್ನಿಸಲೇ ಇಲ್ಲ.

ಆ ಮಾತ್ರೆ ಶುರುವಾದ ಎಂಟನೆಯ ದಿನ ಸವಿತಾ ಎಡಗಾಲು ಕುಂಟುತ್ತಿದ್ದಳು. ಎರಡು ಮನೆಗಳ ನಡುವೆ ಓಡಾಟ, ಮೆಟ್ಟಿಲು, ಸುಣ್ಣದ ಕೆಲಸದವರ ಹಿಂದೆ ಗುಡಿಸುವುದು, ಇನ್ನೇನಾಗುತ್ತದೆ ಎಂದುಕೊಂಡೆವು. ಜಯಮ್ಮ ಹರಳೆಣ್ಣೆ ಬೆಚ್ಚಗೆ ಮಾಡಿ ತಾವೇ ಕೂತು ಅವಳ ಮೀನಖಂಡ ತಿಕ್ಕಿದರು. ಹೇಳಲೇಬೇಕು, ಜಯಮ್ಮ ಆ ಹುಡುಗಿಯನ್ನು ಕಂಡರೆ ಆಗದವರಲ್ಲ. ಪ್ರೀತಿಯಿಂದಲೇ ತಿಕ್ಕಿದರು. ಆ ಕಾಲನ್ನು ತಿಕ್ಕಬಾರದಿತ್ತು ಎಂದು ಅಲ್ಲಿದ್ದ ಯಾರಿಗೂ ತಿಳಿದಿರಲಿಲ್ಲ. ಗೃಹಪ್ರವೇಶದ ಹಿಂದಿನ ಎರಡು ದಿನ ಸವಿತಾ ಹೊಸ ಮನೆಯಲ್ಲೇ ಉಳಿದಿದ್ದಳು, ಸಿಸ್ಟರ್ ಡಬ್ಬದಿಂದ ತಂದ ಹಾಳೆ ಕೂಡ ಅವಳ ರವಿಕೆಯಲ್ಲಿತ್ತು. ಹಾಗಾಗಿ ಸಿಸ್ಟರ್ ಕಣ್ಣಿಗೆ ಆ ಕುಂಟು ಬೀಳಲಿಲ್ಲ.

ಗೃಹಪ್ರವೇಶದ ಬೆಳಿಗ್ಗೆ ಹಾಲುಕ್ಕಿಸಿ, ಹೋಮ ಮುಗಿದು, ಮೊದಲ ಪಂಕ್ತಿಗೆ ಎಲೆ ಹಾಕುತ್ತಿದ್ದರು. ಸವಿತಾ ಮಹಡಿಯಿಂದ ಬಾಳೆ ಎಲೆಯ ಕಟ್ಟು ತರುತ್ತಿದ್ದವಳು ನಡು ಮೆಟ್ಟಿಲಿನಲ್ಲಿ ಕೂತುಬಿಟ್ಟಳು. ಎಲೆಗಳು ಒಂದೊಂದಾಗಿ ಜಾರಿ ಕೆಳಗೆ ಬಂದವು. ನಾನು ಮೇಲೆ ಓಡಿದೆ. ಅವಳ ತುಟಿ ಬಣ್ಣ ಕಳೆದುಕೊಂಡಿತ್ತು. ಕತ್ತಿನ ನರ ಹೊಡೆದುಕೊಳ್ಳುವುದು ಕಾಣುತ್ತಿತ್ತು.

"ಅಕ್ಕ, ಉಸಿರು ಸಾಕಾಗ್ತಿಲ್ಲ."

"ಹೋಮದ ಹೊಗೆ ಕುಡಿದವ್ಳೆ, ಬೆಳಿಗ್ಗೆಯಿಂದ ಉಪವಾಸ ಬೇರೆ. ಒಂದ್ ಲೋಟ ಪಾನಕ ಕೊಡಿ" ಎಂದರು ಜಯಮ್ಮ ಕೆಳಗಿನಿಂದ.

ಪಂಕ್ತಿಯಲ್ಲಿ ಕೂತಿದ್ದ ಸಿಸ್ಟರ್ ಎದ್ದರು. ಆ ಮಂಡಿಗಳನ್ನು ಇಟ್ಟುಕೊಂಡು ಅಷ್ಟು ಬೇಗ ಹೇಗೆ ಹತ್ತಿದರೋ. ಬಂದವರೇ ಸವಿತಾಳ ರೇಷ್ಮೆ ಸೀರೆಯನ್ನು ಮಂಡಿಯ ತನಕ ಎತ್ತಿದರು. ಕೆಳಗೆ ಗಂಡಸರೂ ಹೆಂಗಸರೂ ನೋಡುತ್ತಿದ್ದರು. ಪುರೋಹಿತರು ಮುಖ ತಿರುಗಿಸಿದರು. ಯಾರೋ "ಥೂ, ಏನ್ ಸಿಸ್ಟರ್ ಇದು" ಅಂದರು. ಸಿಸ್ಟರ್ ಎರಡು ಅಂಗೈಗಳಿಂದ ಎರಡು ಮೀನಖಂಡಗಳನ್ನೂ ಅಳೆಯುವಂತೆ ಹಿಡಿದು ನೋಡಿದರು. ಎಡಗಾಲು ಬಲಗಾಲಿಗಿಂತ ಕಣ್ಣಿಗೆ ಕಾಣುವಷ್ಟು ದಪ್ಪಗಿತ್ತು, ಬಿಸಿಯಾಗಿತ್ತು.

"ಇದು ಹೊಗೆ ಅಲ್ಲ. ಕಾರ್ ಯಾರದ್ದಿದೆ? ಇವಳನ್ನ ನಡೆಸ್ಬೇಡಿ, ಎತ್ಕೊಳಿ."

ಮೈಸೂರು ರಸ್ತೆಯಲ್ಲಿ ನಾಯಂಡಹಳ್ಳಿ ಜಂಕ್ಷನ್ ಬಳಿ ವಾಹನಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಹಿಂದಿನ ಸೀಟಿನಲ್ಲಿ ಸವಿತಾಳ ತಲೆ ನನ್ನ ತೊಡೆಯ ಮೇಲಿತ್ತು, ಕಾಲು ಜಯಮ್ಮನ ತೊಡೆಯ ಮೇಲೆ. ಅವಳ ಒಂದೊಂದು ಉಸಿರನ್ನೂ ನಾನು ಎಣಿಸುತ್ತಿದ್ದೆ. ಮುಂದಿನ ಸೀಟಿನಲ್ಲಿ ಸಿಸ್ಟರ್ ಕಿಟಕಿಯಿಂದ ಸೊಂಟದವರೆಗೂ ಹೊರಗೆ ಬಾಗಿ, ಗಿಳಿಹಸಿರು ಸೆರಗನ್ನು ಬೀಸುತ್ತಾ, "ಏಯ್, ಬಿಡ್ರೋ ದಾರಿ, ಜೀವ ಹೋಗ್ತಿದೆ!" ಎಂದು ಅರಚುತ್ತಿದ್ದರು. ಲಾರಿಯವನೊಬ್ಬ ಹಿಂದಕ್ಕೆ ಸರಿಸಿದ. ಒಂದು ಬಸ್ಸು ಅರ್ಧ ಫುಟ್‌ಪಾತಿಗೆ ಹತ್ತಿತು. ದಾರಿಯಾಯಿತು.

ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿದ್ದವನು ಚಿಕ್ಕ ವಯಸ್ಸಿನ ಡಾಕ್ಟರ್. ಆಮ್ಲಜನಕ ಹಾಕಿ, ಪೆನ್ನು ಹಿಡಿದು ಕೇಳಿದ: "ಇವ್ರು ಏನಾದ್ರೂ ಮಾತ್ರೆ ತಗೋತಾರಾ?"

ಸವಿತಾ ಮಾಸ್ಕಿನ ಒಳಗಿನಿಂದ ಅತ್ತೆಯನ್ನು ನೋಡಿದಳು. ಇಲ್ಲವೆಂದು ತಲೆಯಾಡಿಸಿದಳು.

"ಏನೂ ಇಲ್ವಾ? ಬಿಪಿ, ಶುಗರ್, ಥೈರಾಯ್ಡ್?"

ಮತ್ತೆ ಇಲ್ಲ.

ಮಂಚದ ಕಾಲ ಬಳಿ ನಾನು ನಿಂತಿದ್ದೆ. ಆ ಪ್ರಶ್ನೆಗೆ ಎರಡು ಉತ್ತರಗಳಿದ್ದವು, ಎರಡೂ ನನಗೆ ಗೊತ್ತಿದ್ದವು. ತುಟಿ ತೆರೆಯಲಿಲ್ಲ. ಉಸಿರಿಲ್ಲದವಳು ಅವಳು, ಆದರೆ ದನಿ ಹೋಗಿದ್ದು ನನ್ನದು.

ಸಿಸ್ಟರ್ ಜಯಮ್ಮನನ್ನು ಮೊಣಕೈಯಿಂದ ಸರಿಸಿ ಮುಂದೆ ಬಂದರು. "ಬರ್ಕೊಳಿ ಡಾಕ್ಟ್ರೇ. ಗರ್ಭನಿರೋಧಕ ಮಾತ್ರೆ, ಏಳು ತಿಂಗಳಿಂದ. ಕೊಡ್ತಿರೋಳು ನಾನು. ಎಡಗಾಲು ಊದಿದೆ, ಅಲ್ಲಿಂದ ಮೇಲಕ್ಕೆ ಬಂದಿದೆ ಅನ್ಸುತ್ತೆ."

"ಏನಂದ್ರಿ?" ಎಂದರು ಜಯಮ್ಮ. ಕೈಯಲ್ಲಿ ಇನ್ನೂ ಅರಿಸಿನವಿತ್ತು. "ಏನಂದ್ರಿ ಸಿಸ್ಟರ್?"

"ಆಮೇಲೆ ಜಯಮ್ಮ. ನಂಗೆ ಬೈಯೋಕೆ ನಿಮಗೆ ಟೈಮಿದೆ. ಇವಳಿಗಿಲ್ಲ." ಸವಿತಾಳ ಕಡೆ ತಿರುಗಿದರು. "ಬೇರೆ ಏನ್ ನುಂಗಿದ್ಯಾ? ಹೇಳು ಮಗಾ."

ಸವಿತಾ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ.

ಹೇಳಿದ್ದು ಜಯಮ್ಮನೇ. "ಇನ್ನೇನ್ ನುಂಗ್ತಾಳೆ? ಪೂಜೆಗೆ ಅಂತ ಮುಂದಕ್ಕೆ ಹಾಕೋದು ಕೊಟ್ಟಿದ್ದೆ, ಅಷ್ಟೇ. ಅದೇನ್ ಔಷಧಿನಾ?"

ಡಾಕ್ಟರ್ ತಲೆಯೆತ್ತಿ, "ಎರಡೂ ಒಟ್ಟಿಗಾ? ಎಷ್ಟು ದಿನದಿಂದ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಸ್ಕ್ಯಾನಿಗೆ ಕೂಗಿದ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದು ಶ್ವಾಸಕೋಶಕ್ಕೆ ಹೋಗಿತ್ತು. ಒಂದೊಂದೇ ಆಗಿದ್ದರೆ ಅಪಾಯ ಕಡ್ಡಿಯಷ್ಟು, ಎರಡೂ ಸೇರಿ ದೊಡ್ಡದಾಯಿತು, ಇನ್ನೂ ಸ್ವಲ್ಪ ತಡವಾಗಿದ್ದರೆ ನಾನೇನೂ ಹೇಳುವಂತಿರಲಿಲ್ಲ ಎಂದು ಅವನು ಆಮೇಲೆ ನಮಗೆ ವಿವರಿಸಿದ. ನಾಲ್ಕು ದಿನ ಸವಿತಾ ಐಸಿಯುನಲ್ಲಿದ್ದಳು.

ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಸಿಸ್ಟರ್ ಅವತ್ತು ಒಂದೇ ಮಾತನ್ನು ಮತ್ತೆ ಮತ್ತೆ ಆಡಿದರು. "ನನ್ನನ್ನ ಕೇಳಿದ್ದಿದ್ರೆ ಈ ತಿಂಗಳು ಕಂದು ಮಾತ್ರೆ ಬಿಟ್ಟು ಮುಂದಿನ ಹಾಳೆ ಬಿಳೀದು ಶುರು ಮಾಡು ಅಂತಿದ್ದೆ. ಅಷ್ಟೇ. ಡೇಟೂ ಬರ್ತಿರ್ಲಿಲ್ಲ, ಪೂಜೆನೂ ಆಗ್ತಿತ್ತು. ಬೇರೆ ಮಾತ್ರೆ ತಗೋತೀಯಾ ಅಂತ ಮೊದಲ್ನೇ ದಿನ ಕೇಳ್ದೆ. ದಿನಾ ಕೇಳ್ಬೇಕಿತ್ತು. ನನ್ನ ತಪ್ಪು."

ತಪ್ಪು ಮಾಡಿದವರ ಮಧ್ಯೆ ಅದನ್ನು ಬಾಯಿಬಿಟ್ಟು ಹೇಳಿದವರು ಅವರೊಬ್ಬರೇ.

ಸವಿತಾ ಮನೆಗೆ ಬಂದ ಮರುದಿನ ಜಯಮ್ಮ ಇನ್ನಿಬ್ಬರು ಹೆಂಗಸರನ್ನು ಕರೆದುಕೊಂಡು ಸಿಸ್ಟರ್ ಮನೆಗೆ ನುಗ್ಗಿದರು. ನಾನೂ ಹಿಂದೆ ಹೋದೆ. ಬೈಗುಳ ಬೀದಿಯ ತುದಿಗೆ ಕೇಳುತ್ತಿತ್ತು. ನಮ್ಮ ಮನೆ ಬೆಳೆಯೋದು ನಿಲ್ಲಿಸೋಕೆ ನೀನ್ಯಾವಳು, ಹೆಪ್ಪು ಕೊಡ್ತೀನಿ ಅಂತ ವಿಷ ಕೊಟ್ಟೆ, ಇನ್ನೂ ಯಾರ್ಯಾರ ಮನೆ ಹಾಳು ಮಾಡ್ತಿದ್ದೀಯ ತೋರ್ಸು, ತೆಗಿ ಆ ಡಬ್ಬ.

ಡಬ್ಬ ಊಟದ ಮೇಜಿನ ಮೇಲೆಯೇ ಇತ್ತು. ಮುಚ್ಚಳ ತೆಗೆದರೆ ಸಾಕು, ಬಿಂದಿ ನೋಡಿಯೇ ಯಾರ ಸೊಸೆ ಎಂದು ಬೀದಿಯ ಹೆಂಗಸರು ಹೇಳಿಬಿಡುತ್ತಿದ್ದರು. ಒಬ್ಬಾಕೆ ಕೈ ಚಾಚಿದಳು. ಸಿಸ್ಟರ್ ಅವಸರವಿಲ್ಲದೆ ಡಬ್ಬವನ್ನು ಎತ್ತಿಕೊಂಡು, ಕುರ್ಚಿಯ ಮೇಲೆ ಇಟ್ಟು, ಅದರ ಮೇಲೆ ಕೂತುಬಿಟ್ಟರು. ತಗಡು ಕಿರ್ ಎಂದಿತು. ಸೀರೆಯ ನೆರಿಗೆ ಸರಿಮಾಡಿಕೊಂಡರು.

"ಈಗ ಬೈರಿ. ಕೇಳಿಸ್ಕೋತೀನಿ. ಡಬ್ಬ ಬೇಕು ಅಂದ್ರೆ ನನ್ನನ್ನ ಎತ್ತಬೇಕು. ಎಂಬತ್ತೆರಡು ಕೆಜಿ ಇದೀನಿ, ಹೋದ ವಾರ ತೂಗಿಸ್ದೆ."

ಯಾರಿಗೂ ನಗು ಬರಲಿಲ್ಲ. ಒಬ್ಬಾಕೆಗೆ ಬಂದಿತ್ತೇನೋ, ಸೆರಗು ಮುಚ್ಚಿಕೊಂಡಳು. ಮುಕ್ಕಾಲು ಗಂಟೆ ಅವರು ಬೈದರು, ಸಿಸ್ಟರ್ ಕೂತರು. ಕೊನೆಗೆ ಹೇಳಿದರು: "ಜಯಮ್ಮ, ನೀವು ಅವಳಿಗೆ ಕೊಟ್ಟಿದ್ದು ಮಾತ್ರೆ, ನಾನು ಕೊಟ್ಟಿದ್ದೂ ಮಾತ್ರೆ. ದೇವ್ರಿಗೋಸ್ಕರ ನುಂಗಿದ್ರೆ ಪುಣ್ಯ, ತನಗೋಸ್ಕರ ನುಂಗಿದ್ರೆ ಪಾಪ ಅಂತೀರ. ಅವಳ ರಕ್ತಕ್ಕೆ ಅದೆಲ್ಲ ಗೊತ್ತಾಗುತ್ತಾ? ನಾನು ಕೇಳದೆ ಬಿಟ್ಟಿದ್ದು ತಪ್ಪು. ಕೊಟ್ಟಿದ್ದು ತಪ್ಪಲ್ಲ. ನಾಳೆಯೂ ಐದಕ್ಕೆ ಬಾಗಿಲು ತೆಗೀತೀನಿ."

ತೆಗೆದರು. ಐದಾರು ದಿನ ಒಬ್ಬರೂ ಬರಲಿಲ್ಲ. ಅವರು ಬಾಗಿಲು ತೆರೆದು, ಒಂದು ತಂಬಿಗೆ ನೀರಿಟ್ಟುಕೊಂಡು ಆರು ಗಂಟೆಯ ತನಕ ಕೂತಿರುತ್ತಿದ್ದರು. ಆಮೇಲೆ ಒಬ್ಬಳು ಬಂದಳು, ಬಟ್ಟಲಿಲ್ಲದೆ, ಬರಿಗೈಯಲ್ಲಿ. ಆ ದಿನದಿಂದ ಹೊಸ ಕ್ರಮ. ಮಾತ್ರೆ ಕೊಡುವ ಮೊದಲು ಪ್ರತಿ ಸಂಜೆ ಕೇಳುತ್ತಿದ್ದರು: "ಕಾಲು ತೋರಿಸು. ಇವತ್ತು ಬೇರೆ ಏನು ನುಂಗಿದೆ? ಪೂಜೆದೂ ಹೇಳು, ನಾಟಿದೂ ಹೇಳು, ಪಕ್ಕದ ಮನೆಯವಳು ಕೊಟ್ಟಿದ್ದೂ ಹೇಳು."

ನಾನು ಒಂದು ಮಧ್ಯಾಹ್ನ ಅವರ ಬಳಿ ಹೋಗಿ, "ಆ ಮಾತ್ರೆ ತಂದ್ಕೊಟ್ಟಿದ್ದು ನಾನು ಸಿಸ್ಟರ್. ಒಟ್ಟಿಗೆ ತಗೊಂಡ್ರೆ ಏನಾಗಲ್ಲ ಅಂದಿದ್ದೂ ನಾನೇ" ಎಂದೆ. ಅವರು ಅಕ್ಕಿ ಆರಿಸುತ್ತಿದ್ದರು.

"ಗೊತ್ತು. ಸವಿತಾ ಹೇಳಿದ್ಲು."

"ಮತ್ತೆ ಅವತ್ತು ಜಯಮ್ಮನ ಮುಂದೆ ಯಾಕೆ ಹೇಳ್ಲಿಲ್ಲ?"

"ಅದನ್ನ ಹೇಳ್ಬೇಕಾದವಳು ನಾನಲ್ಲ ಕಣಮ್ಮ" ಅಂದು ಮೊರದ ಅಕ್ಕಿಯನ್ನು ಒಮ್ಮೆ ಕೇರಿದರು. ಮತ್ತೆ ಆ ವಿಷಯ ಎತ್ತಲಿಲ್ಲ. ಸವಿತಾ ತಾನೇ ಹೇಳುತ್ತೇನೆಂದಾಗಲೂ ಇಷ್ಟೇ ಅಂದಿದ್ದರಂತೆ, "ನೀನು ಮೊದಲು ಸರಿಯಾಗಿ ಉಸಿರಾಡು, ಮಾತು ಆಮೇಲೆ." ನಾನು ಹೇಳಲಿಲ್ಲ. ಓನರ್ ಮನೆಯ ಮಾತು, ಹಳೆಯದಾಯಿತು, ಈಗೇಕೆ ಎಂದುಕೊಳ್ಳುತ್ತಾ ನಾಲ್ಕು ವರ್ಷ ಕಳೆದೆ. ಸಿಸ್ಟರ್ ಮಾತ್ರೆ ಕೊಟ್ಟು ಸವಿತಾಳನ್ನು ಸಾಯಿಸಲು ಹೋಗಿದ್ದರು ಎಂಬ ಕಥೆ ಬೀದಿಯಲ್ಲಿ ಹಾಗೆಯೇ ಉಳಿಯಿತು. ಅವರು ಅದನ್ನು ಹೊತ್ತುಕೊಂಡು ತರಕಾರಿ ಗಾಡಿಯ ಮುಂದೆ ನಿಂತು ಅದೇ ಜೋರು ದನಿಯಲ್ಲಿ ಮಾತಾಡುತ್ತಿದ್ದರು.

ಸವಿತಾ ಕಾಪರ್ ಟಿ ಹಾಕಿಸಿಕೊಂಡಳು, ಈ ಸಲ ಗಂಡನೇ ಕರೆದುಕೊಂಡು ಹೋದ. ಬಿ.ಎಡ್. ಮುಗಿಸಿ ಬಸವೇಶ್ವರನಗರದ ಶಾಲೆಯೊಂದರಲ್ಲಿ ವಿಜ್ಞಾನ ಪಾಠ ಮಾಡುತ್ತಾಳೆ.

ಸಿಸ್ಟರ್ ತೀರಿಕೊಂಡ ಹನ್ನೊಂದನೆಯ ದಿನದ ಊಟಕ್ಕೆ ಇಡೀ ಬೀದಿ ಬಂದಿತ್ತು. ಜಯಮ್ಮ ನನ್ನ ಎದುರು ಸಾಲಿನಲ್ಲಿ ಕೂತಿದ್ದರು. ಸವಿತಾ ನೀರು ಬಡಿಸುತ್ತಿದ್ದಳು. ಸಿಸ್ಟರ್ ಮಗಳು ಪಲ್ಯ ಬಡಿಸುತ್ತಾ ಬಂದಾಗ ಜಯಮ್ಮ ಪಕ್ಕದವಳಿಗೆ ಹೇಳಿದರು, ಮಗಳಿಗೂ ಕೇಳುವಂತೆ: "ಕೈಗುಣ ಒಳ್ಳೇದಿತ್ತು ಪಾಪ. ಆದ್ರೆ ಆ ಹಾಳು ಮಾತ್ರೆ ಕೊಟ್ಟು ನಮ್ ಸವಿತನ್ನ ಯಮನ ಬಾಗ್ಲು ತೋರ್ಸಿದ್ರು. ಬಿಡಿ, ಸತ್ತೋರ ವಿಷ್ಯ ಆಡ್ಬಾರ್ದು."

ಮಗಳ ಕೈಯ ಸೌಟು ನಿಂತಿತು.

"ಆಡಿ ಆಂಟಿ" ಎಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. "ಆಡೋದಾದ್ರೆ ಪೂರ್ತಿ ಆಡಿ. ಸವಿತಾ ಎರಡು ಮಾತ್ರೆ ನುಂಗಿದ್ಲು. ಒಂದು ಸಿಸ್ಟರ್ ಬಿಪಿ ನೋಡಿ, ಡಾಕ್ಟ್ರ ಚೀಟಿ ಕೇಳಿ ಕೊಟ್ಟಿದ್ದು. ಇನ್ನೊಂದು ನೀವು ಬರೆಸಿದ್ದು, ನಾನು ಏನೂ ಕೇಳದೆ ತಂದಿದ್ದು. ಎರಡೂ ಸೇರಬಾರ್ದು ಅಂತ ನಂಗೆ ಗೊತ್ತಿತ್ತು. ಅವಳು ನನ್ನನ್ನ ಕೇಳಿದ್ಲು. ಏನಾಗಲ್ಲ ಅಂದವಳು ನಾನು."

"ಏನ್ ಮೇಡಂ ಇದು?" ಜಯಮ್ಮನ ಮುಖ ಕೆಂಪಾಯಿತು. "ನಮ್ಮನೇಲಿ ಇದ್ಕೊಂಡು, ಎಲೆ ಮುಂದೆ ಕೂತ್ಕೊಂಡು ನಮ್ಗೇ ಹಿಂಗಂತೀರಾ?"

"ಮನೆ ಬೇಕಾದ್ರೆ ಬಿಡ್ತೀನಿ ಆಂಟಿ. ಇದನ್ನ ಬಿಡಲ್ಲ. ಅವತ್ತು ಆಸ್ಪತ್ರೇಲಿ ಸಿಸ್ಟರ್ ಬಾಯಿಬಿಡದೆ ಇದ್ದಿದ್ರೆ ನಿಮ್ಮ ಸೊಸೆ ಇವತ್ತು ನೀರು ಬಡಿಸ್ತಿರ್ಲಿಲ್ಲ."

ಜಯಮ್ಮ ಎಲೆ ಮಡಚಿ ಎದ್ದರು. ಅವರ ದಾರಿಯಲ್ಲಿ ಸವಿತಾ ನಿಂತಿದ್ದಳು.

"ಕೂತ್ಕೊಳಿ ಅತ್ತೆ" ಎಂದಳು. ಮೆಲ್ಲಗೇ ಅಂದಳು, ಆದರೆ ತರಗತಿಯಲ್ಲಿ ಕೊನೆಯ ಬೆಂಚಿಗೆ ಕೇಳಿಸುವಂಥ ದನಿ ಅದು. "ಅವತ್ತು ನಂಗೆ ಉಸಿರಿರ್ಲಿಲ್ಲ. ನಾನು ಹೆಂಗೆ ಬದುಕ್ದೆ ಅಂತ ನಾನೂ ಪೂರ್ತಿ ಕೇಳಿಲ್ಲ. ಕೂತ್ಕೊಳಿ, ಇಬ್ರೂ ಕೇಳೋಣ. ಅಕ್ಕ, ಹೇಳಿ ನೀವು."

ಜಯಮ್ಮ ಮಡಚಿದ ಎಲೆಯ ಮುಂದೆ ಮತ್ತೆ ಕೂತರು. ಸವಿತಾ ನೀರಿನ ಜಗ್ ಕೆಳಗಿಟ್ಟು ಅತ್ತೆಯ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತಳು. ನಾನು ಎಲ್ಲವನ್ನೂ ಹೇಳಿದೆ, ನಾನು ನೆಲ ನೋಡಿದ್ದನ್ನೂ ಸೇರಿಸಿ.